ಪೆನ್ಸಿಲ್ ಗೆರೆಯ ಮೇಲೆ ಪೆನ್ ಓಡಿಸಿದರೆ ಸಾಲದು

ನಮಸ್ಕಾರ.

ಭಾವಚಿತ್ರ ಮತ್ತು ಕಾಮಿಕ್ಸ್ ಬಿಡಿಸುವ ಬಗೆಯನ್ನು ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. ಕಣ್ಣುಗಳು ತಲೆಯ ಎತ್ತರದ ಅರ್ಧಕ್ಕೆ ಬರುತ್ತವೆ ಎಂದು ಮೊದಲೇ ಹೇಳಿದ್ದೂ ಒಳ್ಳೆಯದಾಯಿತು. ಆದರೆ ಈಗಿರುವಂತೆ ಪ್ರಕಟಿಸಲಾರೆ. ಸ್ಕೆಚ್ಚಿಗೆ ನಾಲ್ಕು ಪುಟ ಕೊಟ್ಟು, ಇಂಕ್ ಮಾಡುವುದನ್ನು, ಅಂದರೆ ಪೆನ್ಸಿಲ್ ಚಿತ್ರವನ್ನು ಶಾಯಿಯಲ್ಲಿ ಬರೆಯುವುದನ್ನು, ಮೂರೇ ವಾಕ್ಯದಲ್ಲಿ ಮುಗಿಸಿದ್ದೀರಿ. ಆ ಮೂರನ್ನೂ ನಂಬಿದವರ ಚಿತ್ರ ಕೆಡುತ್ತದೆ. ನನಗೆ ಬೇಸರವಾದದ್ದು ಅದಕ್ಕೇ.

“ಪೆನ್ಸಿಲ್ ಗೆರೆ ಸ್ಪಷ್ಟವಾಗುವಂತೆ ಒತ್ತಿ ಬರೆದುಕೊಳ್ಳಿ” ಎನ್ನುತ್ತೀರಿ. ಒತ್ತಿದರೆ ಕಾಗದದಲ್ಲಿ ತಗ್ಗು ಬೀಳುತ್ತದೆ. ನಿಬ್ ತನ್ನ ದಾರಿ ಬಿಟ್ಟು ಆ ತಗ್ಗಿನಲ್ಲೇ ಜಾರುತ್ತದೆ. ಮೇಲಾಗಿ ದಟ್ಟ ಗ್ರಾಫೈಟ್ ಮೇಲೆ ಶಾಯಿ ಸರಿಯಾಗಿ ಹಿಡಿಯುವುದಿಲ್ಲ. ಎಚ್‌ಬಿ ಪೆನ್ಸಿಲ್ಲನ್ನು ಹಗುರವಾಗಿ ಹಿಡಿದು ಬರೆಯಬೇಕು. ಆಮೇಲೆ ಮೆತ್ತನೆಯ, ನಾದಿಕೊಳ್ಳುವ ರಬ್ಬರನ್ನು ಹಾಳೆಯ ಮೇಲೆ ಒತ್ತಿ ಎತ್ತುತ್ತಾ, ಗೆರೆ ಕಂಡೂ ಕಾಣದಷ್ಟು ಮಸುಕಾಗುವವರೆಗೆ ಗ್ರಾಫೈಟ್ ತೆಗೆಯಬೇಕು.

“ಆ ಗೆರೆಯ ಮೇಲೆಯೇ ಪೆನ್ ಓಡಿಸಿ.” ನಿಮ್ಮ ಜೊತೆಚಿತ್ರದ ಹುಡುಗಿ ಐವತ್ತು ದಾಟಿದವಳಂತೆ ಕಾಣುತ್ತಿರುವುದು ಈ ವಾಕ್ಯದಿಂದಲೇ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡದ್ದೆಲ್ಲ ಶಾಯಿಯಲ್ಲಿ ಬರಬೇಕಾಗಿಲ್ಲ. ಮೂಗಿನ ಎರಡೂ ಬದಿಗೆ ಒಂದೇ ದಪ್ಪದ ಗೆರೆ ಎಳೆದಿದ್ದೀರಿ, ಮೂಗು ಮುಖಕ್ಕೆ ಅಂಟಿಸಿದಂತಾಗಿದೆ. ನೆರಳಿನ ಬದಿಗೊಂದು ಗೆರೆ, ಮೂಗಿನ ಹೊಳ್ಳೆ, ತುದಿಯ ಕೆಳಗಿನ ನೆರಳು ಇಷ್ಟು ಸಾಕು. ಮೇಲಿನ ರೆಪ್ಪೆ ದಪ್ಪಗಿರಲಿ, ಕೆಳಗಿನದು ತೆಳ್ಳಗೆ, ನಡುವೆ ತುಂಡಾದರೂ ಚಿಂತೆಯಿಲ್ಲ. ತುಟಿಗಳಲ್ಲಿ ಕಪ್ಪು ಸೇರಬೇಕಾದದ್ದು ಅವು ಕೂಡುವ ಕಡೆ. ಕೆಳತುಟಿಯ ಅಡಿಗೆ ಒಂದು ಗಿಡ್ಡ ನೆರಳು ಕೊಟ್ಟರೆ ಅಂಚು ಬರೆಯುವ ಅಗತ್ಯವೇ ಬೀಳದು. ಮೂಗಿನಿಂದ ಬಾಯಿಯ ಕಡೆಗೆ ಇಳಿಯುವ ಮಡಿಕೆಯನ್ನಂತೂ ಎಳೆಯ ಮುಖಕ್ಕೆ ಬರೆಯಲೇಬೇಡಿ.

ದಪ್ಪ-ತೆಳುವು ಕೈಯ ಒತ್ತಡದಿಂದ ಬರುತ್ತದೆ, ಅದನ್ನು ಓದುಗರಿಗೆ ಹೇಳಿಕೊಡಿ. ನಾನು ಕಲಿಯುವಾಗ ಗುರುಗಳು ಮುಖಕ್ಕೆ ಕೈ ಹಾಕಲು ಬಿಡುವ ಮುಂಚೆ ಹಾಳೆ ತುಂಬ ಗೆರೆಗಳನ್ನೇ ಎಳೆಸುತ್ತಿದ್ದರು: ತೆಳ್ಳಗೆ ಹೊರಟು, ನಡುವೆ ಉಬ್ಬಿ, ಮತ್ತೆ ತೆಳ್ಳಗಾಗಿ ಮುಗಿಯುವ ಗೆರೆ. ಇವತ್ತಿಗೂ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಅದ್ದಿ ಬರೆಯುವ ನಿಬ್ಬನ್ನು ಯಾವಾಗಲೂ ತನ್ನ ಕಡೆಗೆ ಎಳೆಯಬೇಕು. ಮುಂದಕ್ಕೆ ತಳ್ಳಿದರೆ ಅದರ ಎರಡು ಹಲ್ಲುಗಳು ಕಾಗದದ ನಾರಿಗೆ ಸಿಕ್ಕಿ ಶಾಯಿ ಸಿಡಿಯುತ್ತದೆ. ಗೆರೆ ತಿರುಗಬೇಕಾದ ಕಡೆ ಹಾಳೆಯನ್ನೇ ತಿರುಗಿಸಿಕೊಳ್ಳಿ. ಹೊಸ ನಿಬ್ಬಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ. ಸೋಪಿನಲ್ಲಿ ತೊಳೆದು ಒರೆಸದಿದ್ದರೆ ಶಾಯಿ ಹನಿಹನಿಯಾಗಿ ನಿಲ್ಲುತ್ತದೆ, ಗೆರೆ ಇಳಿಯುವುದಿಲ್ಲ. ನಿಬ್ಬಿನ ತೂತು ಪೂರ್ತಿ ಮುಳುಗುವಂತೆ ಅದ್ದಿ, ಶೀಶೆಯ ಬಾಯಿಗೆ ತಾಗಿಸಿ ಹೆಚ್ಚಿನದನ್ನು ಇಳಿಸದೆ ಕಾಗದಕ್ಕೆ ತಂದರೆ ಮೊದಲ ಗೆರೆಯಲ್ಲೇ ಶಾಯಿ ಮುದ್ದೆಯಾಗಿ ಬೀಳುತ್ತದೆ.

ಕಾಮಿಕ್ಸ್ ಪುಟವನ್ನು ಅಚ್ಚಿನ ಅಳತೆಯ ಒಂದೂವರೆ ಪಟ್ಟು ದೊಡ್ಡದಾಗಿ ಬರೆಯಿರಿ ಎಂದಿದ್ದೀರಿ, ಸರಿ. ಹಾಗೆ ಬರೆದ 0.3 ಮಿ.ಮೀ. ಗೆರೆ ಅಚ್ಚಿನಲ್ಲಿ 0.2 ಆಗುತ್ತದೆ, ಒತ್ತೊತ್ತಾಗಿ ಎಳೆದ ನೆರಳುಗೆರೆಗಳು ಒಂದಾಗಿ ಕಪ್ಪು ಮುದ್ದೆಯಾಗುತ್ತವೆ. ಅದನ್ನೂ ಹೇಳದಿದ್ದರೆ ಆ ಸಲಹೆ ಅರ್ಧಂಬರ್ಧ.

“ಒಂದು ನಿಮಿಷ ಬಿಟ್ಟು ರಬ್ಬರ್ ಹಾಕಿ.” ದಯವಿಟ್ಟು ಬೇಡ. ತೆಳುಗೆರೆ ಒಣಗಿದ್ದರೂ ಒತ್ತಡ ಬಿದ್ದ ಕಡೆ ಶಾಯಿ ದಪ್ಪಗೆ ನಿಂತಿರುತ್ತದೆ. ರಬ್ಬರ್ ಅದನ್ನು ಕೆನ್ನೆಗೆಲ್ಲ ಬಳಿದುಬಿಡುತ್ತದೆ. ಕೆಲವು ಗಂಟೆ, ಸಾಧ್ಯವಾದರೆ ಒಂದು ರಾತ್ರಿ, ಹಾಗೇ ಬಿಡಬೇಕು. ಪೂರಾ ಒಣಗಿದ ಮೇಲೂ ಬಲವಾಗಿ ಉಜ್ಜಿದರೆ ಕಪ್ಪು ಮಾಸಿ ಬೂದು ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿಯೇ ಪೆನ್ಸಿಲ್ ಹಗುರವಾಗಿರಲಿ ಎಂದದ್ದು. ಕೂದಲು, ಕೋಟಿನಂಥ ದೊಡ್ಡ ಕಪ್ಪುಗಳನ್ನು ರಬ್ಬರ್ ಹಾಕಿದ ನಂತರವೇ ಬ್ರಷ್ಷಿನಿಂದ ತುಂಬಿದರೆ ಅವು ಕಡುಕಪ್ಪಾಗಿಯೇ ಉಳಿಯುತ್ತವೆ. ಶಾಯಿ ನೀರಿಗೆ ಕರಗದ್ದಾಗಿರಬೇಕು. ಇಲ್ಲವಾದರೆ ತಿದ್ದಲು ಹಚ್ಚಿದ ಬಿಳಿ ಬಣ್ಣಕ್ಕೆ ಕಪ್ಪು ಎದ್ದು ಬೆರೆಯುತ್ತದೆ.

ಸ್ಕೆಚ್ಚಿನ ಭಾಗವನ್ನು ಒಂದು ಪುಟಕ್ಕೆ ಇಳಿಸಿ, ಇಂಕಿನ ಭಾಗವನ್ನು ಹೊಸದಾಗಿ ಬರೆಯಿರಿ. ಅದೇ ಹುಡುಗಿಯ ಮುಖವನ್ನು ಇನ್ನೊಮ್ಮೆ ಇಂಕ್ ಮಾಡಿ, ಹಳೆಯದನ್ನೂ ಹೊಸದನ್ನೂ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ ಜೊತೆಗೆ ಕಳಿಸಿ. ಎರಡನ್ನೂ ಪಕ್ಕಪಕ್ಕದಲ್ಲಿ ಅಚ್ಚು ಹಾಕೋಣ.