ಹ್ಯಾನಿಬಲ್ ಎಲ್ಲಿ ಹೋದ?

ಧಾರವಾಡದ ನಿವೃತ್ತ ಅಧ್ಯಾಪಕರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯ ಲೇಖನದಲ್ಲಿ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ನನ ಎರಡು ಕವಿತೆಗಳನ್ನು ರೋಮನ್ ಕವಿ ಜುವೆನಲ್‌ನ ಅನುವಾದಗಳೆಂದು ಹೊಗಳಿದ್ದೀರಿ. ರೋಮ್ ಇದ್ದ ಕಡೆ ಲಂಡನ್, ರೋಮಿನ ಹಳೆಯ ವೈರಿ, ದಂಡನಾಯಕ ಹ್ಯಾನಿಬಲ್ ಇದ್ದ ಕಡೆ ಸ್ವೀಡನ್ನಿನ ದೊರೆ ಬಂದ ಮೇಲೆ ಅದು ಅನುವಾದ ಹೇಗಾದೀತು? ಇಂಥ ಅನುಕರಣವು ಸತ್ತ ಕವಿಯ ಕೀರ್ತಿಗೆ ಮಾಡುವ ಅತಿ ದೊಡ್ಡ ಅನ್ಯಾಯವೆಂದು ಇಂಗ್ಲಿಷ್ ಕವಿ ಡ್ರೈಡನ್ನನೇ ಹೇಳಿಲ್ಲವೇ?”

ಮಾನ್ಯರೇ, ಹೇಳಿದ್ದಾನೆ. 1680ರಲ್ಲಿ ರೋಮನ್ ಕವಿ ಓವಿಡ್‌ನ ಪತ್ರಕಾವ್ಯಗಳ ಇಂಗ್ಲಿಷ್ ಅನುವಾದಕ್ಕೆ ಬರೆದ ಮುನ್ನುಡಿಯಲ್ಲಿ ಆ ಮಾತಿದೆ, ಮತ್ತು ಅನುಕರಣವೆಂಬ ಹೆಸರಿನಲ್ಲಿ ಮನಬಂದಂತೆ ಬರೆದವರೂ ಇದ್ದಾರೆ. ಆದರೆ ಅದೇ ಮುನ್ನುಡಿಯಲ್ಲಿ ಪದಶಃ ಅನುವಾದವನ್ನು ಅವನು ಕಾಲಿಗೆ ಸಂಕೋಲೆ ತೊಟ್ಟು ಹಗ್ಗದ ಮೇಲೆ ಕುಣಿಯುವುದಕ್ಕೆ ಹೋಲಿಸಿದ್ದನ್ನು ತಾವು ಜಾಣತನದಿಂದ ಬಿಟ್ಟಿದ್ದೀರಿ. ಪಾಠ ಹೇಳಿದವರಿಗೆ ಇದು ಒಪ್ಪುವುದಿಲ್ಲ.

ಜುವೆನಲ್‌ನ ಹತ್ತನೆಯ ವಿಡಂಬನೆಯಲ್ಲಿ ಹ್ಯಾನಿಬಲ್ ಆಲ್ಪ್ಸ್ ದಾಟುತ್ತಾನೆ, ಇಟಲಿಯನ್ನು ನಡುಗಿಸುತ್ತಾನೆ, ಕೊನೆಗೆ ಅವನನ್ನು ಕೊಲ್ಲುವುದು ಕತ್ತಿಯೂ ಅಲ್ಲ, ಈಟಿಯೂ ಅಲ್ಲ, ವಿಷ ತುಂಬಿದ ಒಂದು ಪುಟ್ಟ ಉಂಗುರ. ರೋಮಿನ ಶಾಲಾಬಾಲಕರಿಗೆ ಹ್ಯಾನಿಬಲ್ ಭಾಷಣದ ಅಭ್ಯಾಸಕ್ಕೊಂದು ವಿಷಯವಾಗಿ ಉಳಿದ ಎಂದು ಕವಿ ಹಂಗಿಸುತ್ತಾನೆ. 1749ರಲ್ಲಿ ಜಾನ್ಸನ್ ತನ್ನ ‘ದಿ ವ್ಯಾನಿಟಿ ಆಫ್ ಹ್ಯೂಮನ್ ವಿಶಸ್’ ಕವಿತೆಯಲ್ಲಿ ಆ ಜಾಗದಲ್ಲಿ ಸ್ವೀಡನ್ನಿನ ಹನ್ನೆರಡನೆಯ ಚಾರ್ಲ್ಸ್ ದೊರೆಯನ್ನು ನಿಲ್ಲಿಸಿದ. ಚಾರ್ಲ್ಸ್ 1718ರಲ್ಲಿ ನಾರ್ವೆಯ ಒಂದು ಕೋಟೆಯ ಮುತ್ತಿಗೆಯಲ್ಲಿ ಗುಂಡೇಟಿಗೆ ಬಲಿಯಾದವನು. ಗುಂಡು ಹಾರಿಸಿದ್ದು ಶತ್ರುವೋ ತನ್ನ ಕಡೆಯವನೋ ಎಂಬ ಸಂಶಯ ಉಳಿದೇ ಇತ್ತು. ಜಾನ್ಸನ್ನನ ಸಾಲಿನಲ್ಲಿ ಅವನ ಪಾಲಿಗೆ ಬರುವುದು ಒಂದು ಯಃಕಶ್ಚಿತ್ ಕೋಟೆ ಮತ್ತು ಯಾರದೆಂದು ತಿಳಿಯದ ಒಂದು ಕೈ. ಉಂಗುರ ಹೋಯಿತು, ನಿಜ; ಆದರೆ ಅಷ್ಟು ದೊಡ್ಡ ಬದುಕನ್ನು ಅಷ್ಟು ಸಣ್ಣ ವಸ್ತುವೊಂದು ಮುಗಿಸಿತಲ್ಲ ಎಂಬ ಜುವೆನಲ್‌ನ ವ್ಯಂಗ್ಯ ಕೂದಲೆಳೆಯಷ್ಟೂ ಕೊಂಕದೆ ಬಂದಿದೆ, ಅದೂ ಚಾರ್ಲ್ಸ್ ಸತ್ತ ಸುದ್ದಿಯನ್ನು ಕಿವಿಯಾರೆ ಕೇಳಿದವರು ಇನ್ನೂ ಬದುಕಿದ್ದ ಊರಿಗೆ. ಟಿಪ್ಪಣಿ ಓದಿ ನಗುವ ವ್ಯಂಗ್ಯ ಎಷ್ಟರದು?

ಇದು ಕದ್ದ ಮಾಲೂ ಅಲ್ಲ. 1738ರ ‘ಲಂಡನ್’ ಕವಿತೆಯಲ್ಲಿ ರೋಮ್ ಬಿಟ್ಟು ಕ್ಯೂಮೆ ಎಂಬ ಊರಿಗೆ ಹೊರಟ ಜುವೆನಲ್‌ನ ಪಾತ್ರ ಉಂಬ್ರಿಸಿಯಸ್, ಲಂಡನ್ ಬಿಟ್ಟು ವೇಲ್ಸಿಗೆ ಹೊರಟ ಥೇಲೀಸ್ ಆಗುತ್ತಾನೆ, ಗ್ರೀಕರ ಮೇಲಿನ ಬೈಗುಳ ಫ್ರೆಂಚರ ಮೇಲೆ ತಿರುಗುತ್ತದೆ. ಆದರೆ ಪುಟದ ಅಡಿಯಲ್ಲಿ ಸಂಬಂಧಿಸಿದ ಲ್ಯಾಟಿನ್ ಸಾಲುಗಳು ಅಚ್ಚಾಗಿದ್ದವು. ಇಂಗ್ಲಿಷ್ ಕವಿ ಅಲೆಕ್ಸಾಂಡರ್ ಪೋಪ್, ರೋಮನ್ ಕವಿ ಹೊರೇಸನ ತನ್ನ ಅನುಕರಣಗಳ ಎದುರು ಪುಟದಲ್ಲೇ ಮೂಲವನ್ನು ಇಟ್ಟ. ಓದುಗನ ಕಣ್ಣು ಎರಡರ ನಡುವೆ ಓಡಾಡಲಿ ಎಂಬುದೇ ಆ ಕಾವ್ಯಪ್ರಕಾರದ ಹೂಟ.

ನನ್ನ ಹಳೆಯ ಸಂಕಟವನ್ನೂ ತೋಡಿಕೊಳ್ಳುತ್ತೇನೆ. ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಏಜಾಕ್ಸ್ ಬಿ.ಎಂ.ಶ್ರೀ.ಯವರ ಕೈಯಲ್ಲಿ ಅಶ್ವತ್ಥಾಮನಾದುದನ್ನು ಕಂಡ ನಾಡು ನಮ್ಮದು. ಹೀಗಿದ್ದೂ ನಮ್ಮ ಕಚೇರಿಗೆ ಬರುವ ಅನುವಾದ ವಿಮರ್ಶೆಗಳಲ್ಲಿ ಹೆಚ್ಚಿನವು ನಿಘಂಟು ತೆರೆದಿಟ್ಟುಕೊಂಡು ಬಿಟ್ಟುಹೋದ ಪದಗಳನ್ನು ಎಣಿಸುತ್ತವೆ. ಕನ್ನಡದ ಸಾಲಿಗೆ ಉಸಿರಿದೆಯೇ ಎಂದು ಕೇಳುವುದಿಲ್ಲ. ಮಕ್ಕಿಕಾಮಕ್ಕಿ ಮಾಡಿದವನಿಗೆ ಪ್ರಾಮಾಣಿಕನೆಂಬ ಬಿರುದು, ಮೂಲವನ್ನು ಅರಗಿಸಿಕೊಂಡು ಬರೆದವನಿಗೆ ಕಟಕಟೆ.

ತಮಗೆ ಲ್ಯಾಟಿನ್ ಬರುತ್ತದೆಂದು ಪತ್ರದಿಂದ ತಿಳಿದು ಹೊಟ್ಟೆಕಿಚ್ಚಾಯಿತು. ಹ್ಯಾನಿಬಲ್‌ನ ಆ ಇಪ್ಪತ್ತು ಸಾಲುಗಳನ್ನು ತಾವೇ ಕನ್ನಡಿಸಿ ಕಳುಹಿಸಿ, ಪ್ರಕಟಿಸುತ್ತೇವೆ. ಉಂಗುರವನ್ನು ಇಡುವುದೋ ಬಿಡುವುದೋ ತಮಗೆ ಸೇರಿದ್ದು.