ಎಲ್ಲಾ ಜಾಝ್ ಫೋನಿನಲ್ಲೇ ಸಿಗುವಾಗ ವಿನೈಲ್ ರೆಕಾರ್ಡ್ ಯಾಕೆ?

ನೀವು ಕೇಳಿದ್ದು ಇಷ್ಟು: ಜಾಝ್ ಎಲ್ಲವೂ ಫೋನಿನಲ್ಲಿ ಸಿಗುತ್ತದೆ, ಆದರೂ ಜನ ವಿನೈಲ್ ರೆಕಾರ್ಡಿಗೆ ದುಡ್ಡು ಹಾಕುವುದು ಯಾಕೆ? ಹೊಸಬರು ಎಲ್ಲಿಂದ ಶುರು ಮಾಡಬೇಕು? ನನ್ನ ಮಟ್ಟಿಗೆ ಎರಡಕ್ಕೂ ಒಂದೇ ಉತ್ತರ. ಅದು ಒಬ್ಬರ ಹೆಸರು: ಪಾಲ್ ಚೇಂಬರ್ಸ್.

ಇವರು ಡಬಲ್ ಬಾಸ್ ನುಡಿಸುತ್ತಿದ್ದವರು. ಆಳೆತ್ತರದ, ನಿಂತುಕೊಂಡು ನುಡಿಸುವ ತಂತಿವಾದ್ಯ ಅದು. 1935ರಲ್ಲಿ ಹುಟ್ಟಿ 1969ರಲ್ಲಿ, ಬರೀ 33ನೇ ವಯಸ್ಸಿಗೆ ತೀರಿಕೊಂಡರು. ಟ್ರಂಪೆಟ್ ನುಡಿಸುವ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಆಲ್ಬಂನಲ್ಲಿ ಬಾಸ್ ಇವರದೇ. ಆ ಆಲ್ಬಂ ಅನ್ನು ನಾನು ಫೋನಿನಲ್ಲಿ ಮೂರು ವರ್ಷ ಕೇಳಿದ್ದೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ನಿದ್ದೆ ಬರದಾಗ. ಚೇಂಬರ್ಸ್ ಹೆಸರು ಮಾತ್ರ ಗೊತ್ತಿರಲಿಲ್ಲ.

ಆಮೇಲೆ ಗೆಳೆಯರೊಬ್ಬರು ಮನೆ ಬದಲಾಯಿಸುವಾಗ ರೆಕಾರ್ಡ್ ನುಡಿಸುವ ತಮ್ಮ ಟರ್ನ್‌ಟೇಬಲನ್ನೂ ಐದಾರು ರೆಕಾರ್ಡುಗಳನ್ನೂ ನನಗೆ ಕೊಟ್ಟುಹೋದರು. ಅದರಲ್ಲಿ ಈ ಆಲ್ಬಂ ಕೂಡ ಇತ್ತು. ಮೊದಲ ಟ್ಯೂನ್ ‘ಸೋ ವಾಟ್’. ಪಿಯಾನೋ, ಬಾಸ್ ಎರಡೂ ತಮ್ಮಷ್ಟಕ್ಕೆ ಮೆಲ್ಲಗೆ ಮಾತಾಡಿಕೊಂಡ ಹಾಗೆ ಶುರುವಾಗುತ್ತದೆ. ಆಮೇಲೆ ಬಾಸ್ ಮುಂದೆ ಬಂದು ಟ್ಯೂನನ್ನು ತಾನೇ ಹೇಳುತ್ತದೆ. ಪ್ರತಿ ಸಾಲಿಗೂ ಉಳಿದವರು ಎರಡೇ ಸ್ವರದಲ್ಲಿ ಹೂಂಗುಡುತ್ತಾರೆ. ಮೊದಲು ಪಿಯಾನೋ, ಸ್ವಲ್ಪ ಹೊತ್ತಿಗೆ ಟ್ರಂಪೆಟ್, ಸ್ಯಾಕ್ಸೋಫೋನ್. ಹಿಂದೆ ನಿಲ್ಲುವ ಮನುಷ್ಯ ಇಲ್ಲಿ ಕತೆ ಹೇಳುತ್ತಿದ್ದಾರೆ, ಮುಂದೆ ನಿಲ್ಲುವವರು ಕೇಳುತ್ತಿದ್ದಾರೆ! ಮೂರು ವರ್ಷದಲ್ಲಿ ಇದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಇದು ವಿನೈಲ್ ಮಹಿಮೆ ಅಂತ ನಾನು ಹೇಳುವುದಿಲ್ಲ. ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರೆ ಫೋನಿನಲ್ಲೂ ಕೇಳಿಸುತ್ತಿತ್ತು. ಕೂತಿರಲಿಲ್ಲ, ಅಷ್ಟೇ. ರೆಕಾರ್ಡ್ ಹಾಕಿದರೆ ಕೂರಲೇಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಮಗುಚಿ ಹಾಕಬೇಕು. ಮುಂದಿನ ಟ್ಯೂನಿಗೆ ಹಾರೋಣ ಅಂದರೆ ಸೂಜಿ ಎತ್ತಬೇಕು, ಕೈ ತಪ್ಪಿದರೆ ಗೀರು ಬೀಳುತ್ತದೆ. ಹಾಗಾಗಿ ಹಾರುವ ಯೋಚನೆಯೇ ಬರುವುದಿಲ್ಲ.

ಈ ಇಪ್ಪತ್ತು ನಿಮಿಷದ ಬದಿ ಇದೆಯಲ್ಲ, ಅದಕ್ಕೂ ಜಾಝ್‌ಗೂ ಹಳೇ ನಂಟು. ಮೊದಲು ಬರುತ್ತಿದ್ದ 78 ಸುತ್ತಿನ ರೆಕಾರ್ಡಿನಲ್ಲಿ ಒಂದು ಬದಿಗೆ ಸಾಮಾನ್ಯವಾಗಿ ಮೂರು ನಿಮಿಷ ಹಿಡಿಸುತ್ತಿತ್ತು. ವೇದಿಕೆ ಮೇಲೆ ಕಾಲು ಗಂಟೆ ಬೆಳೆಸುತ್ತಿದ್ದನ್ನು ಸ್ಟುಡಿಯೋದಲ್ಲಿ ಮೂರು ನಿಮಿಷಕ್ಕೆ ಕತ್ತರಿಸಬೇಕಿತ್ತು. 1948ರಲ್ಲಿ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿ (ಲಾಂಗ್ ಪ್ಲೇ) ರೆಕಾರ್ಡ್ ತಂದ ಮೇಲೆ ನುಡಿಸುವವರಿಗೆ ಉಸಿರು ಬಿಡಲು ಜಾಗ ಸಿಕ್ಕಿತು. ‘ಕೈಂಡ್ ಆಫ್ ಬ್ಲೂ’ ಎರಡನೇ ಬದಿಯನ್ನೇ ನೋಡಿ. ಎರಡೇ ಟ್ಯೂನ್, ಸುಮಾರು 21 ನಿಮಿಷ. ‘ಆಲ್ ಬ್ಲೂಸ್’ ಒಂದೇ ಹನ್ನೊಂದು ನಿಮಿಷ ದಾಟುತ್ತದೆ. ಆ ಬದಿ ರೆಕಾರ್ಡ್ ಆದದ್ದು 1959ರ ಏಪ್ರಿಲ್ 22ರಂದು. ಅವತ್ತು ಚೇಂಬರ್ಸ್ ಅವರ 24ನೇ ಹುಟ್ಟುಹಬ್ಬ. ಇದು ಗೊತ್ತಾದ ಮೇಲೆ ಆ ಬದಿ ಹಾಕಿದಾಗಲೆಲ್ಲ ನನ್ನ ಕಿವಿ ಮೊದಲು ಬಾಸ್ ಕಡೆಗೇ ಹೋಗುತ್ತದೆ.

ಇನ್ನು ಯಾವುದು ಕೊಳ್ಳಬೇಕು ಅನ್ನುವುದು. ‘ಕೇಳಲೇಬೇಕಾದ ನೂರು ಆಲ್ಬಂ’ ತರಹದ ಪಟ್ಟಿಗಳನ್ನು ಪಕ್ಕಕ್ಕಿಡಿ. ನಿಮಗೆ ಇಷ್ಟವಾದ ಒಂದು ರೆಕಾರ್ಡಿನ ಕವರ್ ತೆಗೆದುಕೊಂಡು ಅದರ ಮೇಲಿನ ಹೆಸರುಗಳನ್ನು ಓದಿ. ಯಾರು ಡ್ರಮ್ಸ್, ಯಾರು ಪಿಯಾನೋ, ಎಲ್ಲ ಬರೆದಿರುತ್ತಾರೆ. ಒಂದು ಹೆಸರು ಹಿಡಿದು ಹೊರಡಿ. ನಾನು ಚೇಂಬರ್ಸ್ ಹಿಂದೆ ಹೊರಟೆ. ಮೊದಲು ಸಿಕ್ಕಿದ್ದು ಸ್ಯಾಕ್ಸೋಫೋನ್ ನುಡಿಸುವ ಜಾನ್ ಕೋಲ್ಟ್ರೇನ್ ಅವರ ‘ಬ್ಲೂ ಟ್ರೇನ್’, 1957ರದು. ಆಮೇಲೆ ಪಿಯಾನೋ ನುಡಿಸುವ ಸಾನಿ ಕ್ಲಾರ್ಕ್ ಅವರ ‘ಕೂಲ್ ಸ್ಟ್ರಟಿನ್’. ಎರಡರಲ್ಲೂ ಡ್ರಮ್ಸ್ ಫಿಲಿ ಜೋ ಜೋನ್ಸ್. ಅವರು ಇಷ್ಟವಾದರು, ಅವರ ಹಿಂದೆ ಹೋದೆ. ಆ ದಾರಿಯಲ್ಲಿ ಸ್ಯಾಕ್ಸೋಫೋನ್ ನುಡಿಸುವ ಆರ್ಟ್ ಪೆಪ್ಪರ್ ಸಿಕ್ಕರು. 1957ರ ಜನವರಿಯಲ್ಲಿ ಪೆಪ್ಪರ್ ಅವರು ಮೈಲ್ಸ್ ತಂಡದ ಪಿಯಾನೋ, ಬಾಸ್, ಡ್ರಮ್ಸ್ ಮೂವರನ್ನೂ ಜೊತೆಗೆ ಕೂಡಿಸಿಕೊಂಡು ಒಂದು ಆಲ್ಬಂ ಮಾಡಿದ್ದಾರೆ. ಅದರಲ್ಲಿದ್ದ ಪಿಯಾನೋ ರೆಡ್ ಗಾರ್ಲೆಂಡ್ ಅವರದು. ಈಗ ನನ್ನ ಕಪಾಟಿನ ಒಂದು ಸಾಲಿನಲ್ಲಿ ಗಾರ್ಲೆಂಡ್ ರೆಕಾರ್ಡುಗಳೇ ಇವೆ. ಯಾರೂ ಹೇಳಿಕೊಟ್ಟಿದ್ದಲ್ಲ. ಒಬ್ಬರ ಮನೆಗೆ ಹೋದರೆ ಅಲ್ಲಿ ಇನ್ನೊಬ್ಬರ ಪರಿಚಯ ಆಗುತ್ತದಲ್ವಾ, ಹಾಗೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಒಂದು ವಾರ ಉಳಿಯುತ್ತದೆ. ಟರ್ನ್‌ಟೇಬಲನ್ನು ಸ್ಪೀಕರಿಗೆ ಜೋಡಿಸಿದಾಗ ಸದ್ದು ತೆಳ್ಳಗೆ, ಕೀರಲಾಗಿ ಬಂದು ಬಾಸ್ ಮಾಯವಾಗಿದ್ದರೆ ರೆಕಾರ್ಡಿನ ತಪ್ಪಲ್ಲ. ಬಾಸಿನ ಅಲೆ ದೊಡ್ಡದು. ಅದನ್ನು ಇದ್ದ ಹಾಗೇ ರೆಕಾರ್ಡಿನಲ್ಲಿ ಕೊರೆದರೆ ಸೂಜಿ ಓಡುವ ಗೆರೆ ಅಗಲವಾಗಿ, ಒಂದು ಬದಿಗೆ ಇಪ್ಪತ್ತು ನಿಮಿಷ ಹಿಡಿಸುವುದಿಲ್ಲ. ಅದಕ್ಕೇ ಕೊರೆಯುವಾಗ ಬಾಸ್ ತಗ್ಗಿಸಿ, ಮೇಲಿನ ಸದ್ದನ್ನು ಏರಿಸಿರುತ್ತಾರೆ. ನುಡಿಸುವಾಗ ಅದನ್ನು ಉಲ್ಟಾ ಮಾಡಿ ಸರಿಗೆ ತರುವುದು ಫೋನೋ ಪ್ರಿಆಂಪ್ ಕೆಲಸ. ಕೆಲವು ಟರ್ನ್‌ಟೇಬಲ್ ಒಳಗೇ ಅದು ಇರುತ್ತದೆ, ಕೆಲವಕ್ಕೆ ಬೇರೆ ಡಬ್ಬಿ ಬೇಕು. ನನಗೆ ಬಂದಿದ್ದರಲ್ಲಿ ಇರಲಿಲ್ಲ. ಮೊದಲ ವಾರ ಚೇಂಬರ್ಸ್ ಎಲ್ಲಿ ಹೋದರು ಅಂತ ಹುಡುಕಿದ್ದೇ ಆಯಿತು.

ರೆಕಾರ್ಡನ್ನು ಒಮ್ಮೆ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಜೋರಾಗಿ ನುಡಿಸಿದ ಕಡೆ ಗೆರೆಗಳು ಒರಟಾಗಿ, ಸ್ವಲ್ಪ ಬೂದು ಬಣ್ಣಕ್ಕೆ ಕಾಣುತ್ತವೆ. ಮೆಲ್ಲಗೆ ನುಡಿಸಿದ ಕಡೆ ನುಣುಪಾದ ಕಪ್ಪು. ಟ್ರಂಪೆಟ್ ನಿಂತು ಬಾಸ್ ಒಂದೇ ಉಳಿದ ಜಾಗವನ್ನು ಎಷ್ಟೋ ಸಲ ಕಣ್ಣಲ್ಲೇ ಗುರುತಿಸಬಹುದು. ಈ ಗೆರೆ ಹೊರಗಿನಿಂದ ಒಳಗೆ ಸುತ್ತಿಕೊಂಡು ಹೋಗುವ ಒಂದೇ ಗೆರೆ. ಬಿಚ್ಚಿ ಹಾಸಿದರೆ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಆಗುತ್ತದೆ. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ. ಬದಿಯ ಕೊನೆಗೆ ಬಂದಾಗ ಬರೀ 20 ಸೆಂಟಿಮೀಟರ್ ಆಸುಪಾಸು. ಅಷ್ಟೇ ಸಂಗೀತ, ಕಡಿಮೆ ಜಾಗ. ಅದಕ್ಕೇ ಸವೆತ ಮೊದಲು ಕೇಳಿಸುವುದು ಬದಿಯ ಕೊನೆಯ ಟ್ಯೂನಿನಲ್ಲಿ. ಹಳೆಯ ರೆಕಾರ್ಡ್ ಕೊಳ್ಳುವಾಗ ಕೇಳಿ ನೋಡಲು ಬಿಟ್ಟರೆ ಸೂಜಿಯನ್ನು ಕೊನೆಯ ಟ್ಯೂನಿನ ಮೇಲೆ ಇಡಿ.

ಚಟಪಟ ಸದ್ದಿನ ಬಗ್ಗೆ ಹೊಸಬರಿಗೆ ಚಿಂತೆ ಜಾಸ್ತಿ. ಅರ್ಧ ಧೂಳಿನದು, ಬ್ರಷ್ ಹಾಕಿದರೆ ಹೋಗುತ್ತದೆ. ಉಳಿದದ್ದು ನನಗೆ ತೊಂದರೆ ಅನಿಸುವುದಿಲ್ಲ. ಪಿಯಾನೋ ನುಡಿಸುವ ಬಿಲ್ ಎವಾನ್ಸ್ ಅವರ ಮೂವರ ತಂಡ 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ನುಡಿಸಿದ್ದು ರೆಕಾರ್ಡ್ ಆಗಿ ಬಂದಿದೆ. ಅದರಲ್ಲಿ ಗ್ಲಾಸಿನ ಕಿಣಿಕಿಣಿ, ಜನರ ಮಾತು, ನಗು ಎಲ್ಲವೂ ಇದೆ. ಅವತ್ತು ಬಾಸ್ ನುಡಿಸಿದವರು ಸ್ಕಾಟ್ ಲಾಫಾರೋ. ಜುಲೈ 6ರಂದು ಕಾರು ಅಪಘಾತದಲ್ಲಿ ತೀರಿಕೊಂಡರು, 25 ವರ್ಷ. ಅಲ್ಲಿ ಕೂತು ಹರಟುತ್ತಿದ್ದವರಿಗೆ ಅದು ಹೇಗೆ ಗೊತ್ತಾಗಬೇಕು? ಆ ಗ್ಲಾಸಿನ ಸದ್ದೂ ನನ್ನ ರೆಕಾರ್ಡಿನ ಸಣ್ಣ ಚಟಪಟವೂ ಒಂದರೊಳಗೊಂದು ಸೇರಿ, ನಾನೂ ಹಿಂದಿನ ಮೇಜಿನಲ್ಲಿ ಇದ್ದೇನೆ ಅನಿಸುತ್ತದೆ. ಆ ಆಲ್ಬಂ ಅನ್ನು ರಾತ್ರಿ ಬಿಟ್ಟು ಬೇರೆ ಹೊತ್ತಿನಲ್ಲಿ ನಾನು ಹಾಕುವುದಿಲ್ಲ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಜಾಝ್ ರೆಕಾರ್ಡ್ ಮಾಡುವ ಬ್ಲೂ ನೋಟ್ ಕಂಪನಿಯ ಐವತ್ತರ ದಶಕದ ಮೂಲ ಪ್ರತಿಗಳು ವಿಪರೀತ ದುಬಾರಿ. ಲೇಬಲ್ಲಿನ ಪಕ್ಕದ ಖಾಲಿ ಜಾಗದಲ್ಲಿ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಗುರುತು ಹುಡುಕುವುದು ಚೆಂದದ ಹುಚ್ಚು, ಆದರೆ ಅಲ್ಲಿಂದ ಶುರು ಮಾಡಬೇಡಿ. ಮೂಲ ಟೇಪಿನಿಂದ ಕಾಳಜಿಯಿಂದ ಮಾಡಿದ ಮರುಮುದ್ರಣ ಸಾಕು, ಬಹಳ ಸಲ ಸವೆದ ಮೂಲಕ್ಕಿಂತ ಚೆನ್ನಾಗಿರುತ್ತದೆ. 180 ಗ್ರಾಂ ತೂಕ ಅಂತ ದೊಡ್ಡದಾಗಿ ಬರೆದಿದ್ದರೆ ಅದಕ್ಕೆ ಮರುಳಾಗಬೇಡಿ, ತೂಕದಿಂದ ಸದ್ದು ಒಳ್ಳೆಯದಾಗುವುದಿಲ್ಲ. ಹಳೆಯ ರೆಕಾರ್ಡಿನ ಮೇಲೆ ‘ವೆರಿ ಗುಡ್’ ಅಂತ ದರ್ಜೆ ಹಾಕಿದ್ದರೆ ಅದರಲ್ಲಿ ಗೀರು, ಸದ್ದು ಇರುತ್ತದೆ ಅಂತಲೇ ತಿಳಿಯಿರಿ. ನಾನು ಆ ಪದ ನಂಬಿ ತರಿಸಿದ ಒಂದು ರೆಕಾರ್ಡ್ ಸೋಲೋ ಮಧ್ಯದಲ್ಲಿ ಒಂದೇ ಕಡೆ ಸುತ್ತುತ್ತದೆ, ಮುಂದೆ ಹೋಗುವುದೇ ಇಲ್ಲ. ಮನೆಗೆ ತಂದ ಮೇಲೆ ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ, ಬಿಸಿಲಿಗೆ ಇಡಲೇಬೇಡಿ.

ಚೇಂಬರ್ಸ್ ಹಿಂದೆ ಹೋದ ದಾರಿಯಲ್ಲಿ ನನಗೆ ಸಿಕ್ಕ ಇನ್ನೊಂದು ರೆಕಾರ್ಡ್ ಕೋಲ್ಟ್ರೇನ್ ಅವರ ‘ಜೈಂಟ್ ಸ್ಟೆಪ್ಸ್’, 1959ರಲ್ಲಿ ನುಡಿಸಿದ್ದು. ನನ್ನದು ಹಳೆಯ ಪ್ರತಿ, ಯಾರದೋ ಮನೆಯಲ್ಲಿ ಎಷ್ಟೋ ವರ್ಷ ಇದ್ದದ್ದು. ಅದರ ಎರಡನೇ ಬದಿಯ ಕೊನೆಯ ಟ್ಯೂನಿನ ಹೆಸರು ‘ಮಿಸ್ಟರ್ ಪಿ.ಸಿ.’. ಗೆಳೆಯ ಪಾಲ್ ಚೇಂಬರ್ಸ್ ಹೆಸರಿನಲ್ಲಿ ಕೋಲ್ಟ್ರೇನ್ ಕಟ್ಟಿದ್ದು. ಆ ಬದಿಯ ಉಳಿದ ಎರಡು ಟ್ಯೂನ್ ಹೆಚ್ಚುಕಡಿಮೆ ಹೊಸದರ ಹಾಗೆ ಕೇಳಿಸುತ್ತವೆ. ಇದೊಂದು ಮಾತ್ರ ಸ್ವಲ್ಪ ಗರಗರ ಅನ್ನುತ್ತದೆ. ಒಳಗಿನ ಗೆರೆ ಅನ್ನುವುದು ಒಂದು ಕಾರಣ ಇರಬಹುದು. ಆದರೆ ನನಗಿಂತ ಮುಂಚೆ ಇದನ್ನು ಇಟ್ಟುಕೊಂಡಿದ್ದವರು ಸೂಜಿ ಎತ್ತಿ ಎತ್ತಿ ಮತ್ತೆ ಇದೇ ಟ್ಯೂನಿನ ಮೇಲೆ ಇಡುತ್ತಿದ್ದರು ಅಂತ ನಾನು ಅಂದುಕೊಂಡಿದ್ದೇನೆ. ಅವರಿಗೂ ಚೇಂಬರ್ಸ್ ಅಂದರೆ ಇಷ್ಟ ಇತ್ತೋ ಏನೋ. ಹೊಸ ಪ್ರತಿ ಸಿಗುತ್ತದೆ, ನಾನು ತೆಗೆದುಕೊಂಡಿಲ್ಲ.