ಆರನೇ ವಾರ, ಯಾವ ಡಾಕ್ಟರ್?
ಬಸಿರಿನ ಆರನೇ ವಾರ ನಡೆಯುತ್ತಿದೆ, ಇಬ್ಬರು ಡಾಕ್ಟರ್‌ಗಳಲ್ಲಿ ಯಾರ ಹತ್ತಿರ ತೋರಿಸೋದು ಅಂತ ಕೇಳಿದ್ದೀರಿ. ತುಂಬಾ ಖುಷಿಯಾಯ್ತು! ಇಬ್ಬರನ್ನೂ ಒಂದೊಂದು ಸಲ ಭೇಟಿ ಮಾಡಿ. ಹೆರಿಗೆ ಹೊತ್ತಿಗೆ ನೀವೇ ಇರುತ್ತೀರಾ, ಇಲ್ಲದಿದ್ದರೆ ಯಾರು ನೋಡುತ್ತಾರೆ, ರಾತ್ರಿ ಬ್ಲೀಡಿಂಗ್ ಆದರೆ ಯಾರಿಗೆ ಫೋನ್ ಮಾಡಬೇಕು ಅಂತ ನೇರವಾಗಿ ಕೇಳಿ.

ನಾವು ಮೊದಲು ಹೋದ ಡಾಕ್ಟರ್ ಚೀಟಿಯಿಂದ ತಲೆ ಎತ್ತಲೇ ಇಲ್ಲ. ಎರಡನೆಯವರು ಪೆನ್ ಕೆಳಗಿಟ್ಟು, ನನ್ನ ಹೆಂಡತಿಯ ಮುಖ ನೋಡಿ, "ಏನು ಭಯ ಇದೆ, ಹೇಳಮ್ಮ" ಅಂದರು. ಅವರ ಹತ್ತಿರವೇ ಉಳಿದೆವು.

ಕೊನೆಯ ಮುಟ್ಟಿನ ಮೊದಲ ದಿನ ಬರೆದುಕೊಂಡು ಹೋಗಿ, ವಾರದ ಲೆಕ್ಕ ಶುರುವಾಗೋದು ಅಲ್ಲಿಂದಲೇ. ಫೋಲಿಕ್ ಆಸಿಡ್ ಮಾತ್ರೆ ಇನ್ನೂ ತೆಗೆದುಕೊಳ್ಳುತ್ತಿಲ್ಲ ಅಂದ್ರೆ ಇವತ್ತೇ ವಿಚಾರಿಸಿ. ಎನ್‌ಟಿ ಸ್ಕ್ಯಾನ್ (ಮಗುವಿನ ಕತ್ತಿನ ಹಿಂಭಾಗದ ದ್ರವ ಅಳೆಯುವ ಸ್ಕ್ಯಾನ್) 11 ವಾರ ತುಂಬಿದ ಮೇಲೆ, 14 ತುಂಬುವ ಮೊದಲು ಆಗಬೇಕು. ಹೊಟ್ಟೆಯ ಒಂದೇ ಪಕ್ಕ ಜೋರಾಗಿ ನೋವು ಬಂದರೆ ಸುಮ್ನೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.